ಲೋಕಲ್ ರೈಲು ಓಡಿದರೆ ಊರು ಚೇತರಿಸಿಕೊಂಡಂತೆಯೇ?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಬಿ.ಎ. ಓದುತ್ತಿದ್ದೇನೆ. ಅಪ್ಪ ಕಂಕನಾಡಿ ಕಡೆ ರಿಕ್ಷಾ ಓಡಿಸುತ್ತಾರೆ. 2022ರ ನವೆಂಬರ್‌ನಲ್ಲಿ ನಾಗುರಿ ಹತ್ತಿರ ರಿಕ್ಷಾದಲ್ಲಿ ಕುಕ್ಕರ್ ಬಾಂಬ್ ಸ್ಫೋಟವಾಯಿತಲ್ಲ, ಆಮೇಲಿಂದ ಅಪ್ಪ ದೊಡ್ಡ ಬ್ಯಾಗ್ ಹಿಡಿದವರನ್ನು ಹತ್ತಿಸಿಕೊಳ್ಳಲು ಈಗಲೂ ಹಿಂದೆಮುಂದೆ ನೋಡುತ್ತಾರೆ. ಊರು ಮಾತ್ರ ಒಂದೆರಡು ವಾರದಲ್ಲಿ ಎಲ್ಲ ಮರೆತಿತು. ಮುಂಬೈಯಲ್ಲಿರುವ ಮಾವ, "ನಮ್ಮಲ್ಲಿ ಬಾಂಬ್ ಹೊಟ್ಟಿದರೂ ಮರುದಿನ ಲೋಕಲ್ ಓಡುತ್ತದೆ, ನೀವು ಜಾಸ್ತಿ ಯೋಚನೆ ಮಾಡ್ತೀರಿ" ಅನ್ನುತ್ತಾರೆ. ಒಂದು ಊರು ಚೇತರಿಸಿಕೊಳ್ಳುವುದು ಅಂದರೆ ಏನು? ಇಂಥದ್ದನ್ನು ನೆನಪಿಟ್ಟುಕೊಳ್ಳಬೇಕಾ, ಮರೆಯಬೇಕಾ? ನಾಗುರಿಯಲ್ಲಿ ಒಂದು ಸ್ಮಾರಕ ಬೇಕು ಎಂದು ನಮ್ಮ ತರಗತಿಯಲ್ಲಿ ಚರ್ಚೆಯಾಯಿತು. ನಿಮ್ಮ ಅಭಿಪ್ರಾಯ ಏನು?

ಉತ್ತರ: ನಿಮ್ಮ ಮಾವ ಹೇಳಿದ್ದು ಸುಳ್ಳಲ್ಲ. 2006ರ ಜುಲೈ 11ರ ಸಂಜೆ ಮುಂಬೈಯ ವೆಸ್ಟರ್ನ್ ಲೈನಿನಲ್ಲಿ 11 ನಿಮಿಷದೊಳಗೆ ಏಳು ಬಾಂಬ್ ಸ್ಫೋಟಿಸಿದವು. ಎಲ್ಲವೂ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ, ಜನ ಆಫೀಸು ಬಿಟ್ಟು ಮನೆಗೆ ಹೋಗುವ ಹೊತ್ತಿನಲ್ಲಿ. 180ಕ್ಕೂ ಹೆಚ್ಚು ಮಂದಿ ಸತ್ತರು. ಕೆಲವೇ ಗಂಟೆಗಳಲ್ಲಿ ರೈಲುಗಳು ಮತ್ತೆ ಹೊರಟವು. ಮರುದಿನ ಬೆಳಿಗ್ಗೆ ಜನ ಅದೇ ಲೈನಿನಲ್ಲಿ ಕೆಲಸಕ್ಕೆ ಹೋದರು. 2008ರ ನವೆಂಬರ್ 26ರ ದಾಳಿಯಲ್ಲಿ 166 ಮಂದಿ ಸತ್ತರು. ಗುಂಡಿನ ಮಳೆ ಸುರಿದಿದ್ದ ಲಿಯೋಪೋಲ್ಡ್ ಕೆಫೆ ಕೆಲವೇ ದಿನಗಳಲ್ಲಿ ಬಾಗಿಲು ತೆರೆಯಿತು. ತಾಜ್ ಹೋಟೆಲಿನ ಟವರ್ ಭಾಗ ಡಿಸೆಂಬರ್ 21ಕ್ಕೆ ಶುರುವಾಯಿತು. ನಮ್ಮ ರಾಜ್ಯದಲ್ಲೇ ನೋಡಿ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸ್ಫೋಟವಾಯಿತು. ಎಂಟು ಒಂಬತ್ತು ದಿನದಲ್ಲಿ ಅಲ್ಲಿ ಮತ್ತೆ ಇಡ್ಲಿ, ದೋಸೆಗೆ ಜನ ಸಾಲು ನಿಂತರು.

ಇದೆಲ್ಲ ಒಳ್ಳೆಯದೇ. ಅಂಗಡಿ ತೆರೆಯಬೇಕು, ಬಸ್ ಓಡಬೇಕು. ಆದರೆ ಮರುದಿನ ರೈಲು ಹತ್ತಿದವರು ಯಾಕೆ ಹತ್ತಿದರು ಅನ್ನುವುದನ್ನೂ ಕೇಳಬೇಕಲ್ವಾ? ಮುಂಬೈ ಹೋಟೆಲುಗಳಲ್ಲಿ ದುಡಿದು ಬಂದ ಕುಂದಾಪುರ, ಕಾರ್ಕಳ ಕಡೆಯ ಹಿರಿಯರು ನಿಮ್ಮ ಸುತ್ತಮುತ್ತ ಬೇಕಾದಷ್ಟು ಸಿಗುತ್ತಾರೆ. ಅವರನ್ನು ಮಾತನಾಡಿಸಿ. ರಜೆ ಹಾಕಿದರೆ ಸಂಬಳ ಇಲ್ಲ, ಊರಿಗೆ ದುಡ್ಡು ಕಳಿಸಬೇಕು, ಮನೆಯಲ್ಲಿ ಕೂತರೆ ನಡೆಯುವುದಿಲ್ಲ. ಎದೆಯಲ್ಲಿ ಹೆದರಿಕೆ ಇಟ್ಟುಕೊಂಡೇ ಹತ್ತಿದವರು ಅವರು. ಅದನ್ನು ಧೈರ್ಯ ಎಂದು ಹೊಗಳಿದರೆ ನನ್ನ ತಕರಾರಿಲ್ಲ. ಹೊಗಳಿ ಅಲ್ಲಿಗೇ ಕೈ ಬಿಡುವುದಕ್ಕೆ ತಕರಾರಿದೆ. "ಈ ಊರಿನ ಜನ ಗಟ್ಟಿ" ಎಂದು ದೊಡ್ಡವರು ಹೇಳಿಕೆ ಕೊಟ್ಟ ಮೇಲೆ, ನನಗೆ ನಿದ್ದೆ ಬರುತ್ತಿಲ್ಲ ಎಂದು ಹೇಳುವುದು ಆ ಜನಕ್ಕೇ ಕಷ್ಟವಾಗುತ್ತದೆ. ಅವಘಡ, ಹಿಂಸೆಗೆ ಸಿಕ್ಕಿದವರ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತೆ ನಾನು. ಈ ಕಷ್ಟವನ್ನು ಹತ್ತಿರದಿಂದ ಕಾಣುತ್ತೇನೆ.

ಹಾಗಾಗಿ ಊರು ಚೇತರಿಸಿಕೊಂಡಿತೇ ಎಂದು ಯಾರಾದರೂ ಕೇಳಿದರೆ ನಾನು ರಸ್ತೆಯನ್ನು ನೋಡುವುದಿಲ್ಲ. ಗಾಯಗೊಂಡವರನ್ನು ನೋಡುತ್ತೇನೆ. ಅವರ ಚಿಕಿತ್ಸೆ ಎಲ್ಲಿಗೆ ಬಂತು, ಕೆಲಸಕ್ಕೆ ಮರಳಿದರೇ, ಅವರ ಮನೆಗೆ ಈಗಲೂ ಯಾರಾದರೂ ಹೋಗಿ ಬರುತ್ತಾರೆಯೇ? ಸತ್ತವರ ಸಂಖ್ಯೆಯನ್ನು ಪೇಪರು, ಟಿವಿ ಎಲ್ಲ ಲೆಕ್ಕ ಇಡುತ್ತವೆ. ಗಾಯಾಳುಗಳು ಕೊನೆಯ ಸಾಲಿನಲ್ಲಿ ಒಂದು ಸಂಖ್ಯೆಯಾಗಿ ಬಂದು ಹೋಗುತ್ತಾರೆ. ಆ 2006ರ ಸ್ಫೋಟಗಳಲ್ಲಿ 700ಕ್ಕೂ ಹೆಚ್ಚು ಮಂದಿಗೆ ಗಾಯವಾಗಿತ್ತು. ಅವರಲ್ಲಿ ತಲೆಗೆ ಪೆಟ್ಟಾದ ಒಬ್ಬ ಯುವಕ ಒಂಬತ್ತು ವರ್ಷ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದು, 2015ರ ಜುಲೈಯಲ್ಲಿ ತೀರಿಕೊಂಡರು. ರೈಲು ಮರುದಿನ ಓಡಿತು ನಿಜ. ಆ ಮನೆಯವರು ಒಂಬತ್ತು ವರ್ಷ ಆಸ್ಪತ್ರೆಗೆ ಓಡಾಡಿದರು. ಅದೇ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ 12 ಮಂದಿಯನ್ನೂ 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಯಾರು ಮಾಡಿದರು ಎಂಬ ಪ್ರಶ್ನೆಯೇ 19 ವರ್ಷಗಳ ನಂತರ ಮತ್ತೆ ಎದ್ದು ನಿಂತಿತು. ಹೀಗಿರುವಾಗ ಮುಂಬೈ ಮರುದಿನವೇ ಚೇತರಿಸಿಕೊಂಡಿತು ಎಂದು ಹೇಗೆ ಹೇಳುವುದು?

ನ್ಯೂಯಾರ್ಕಿನ ಕತೆ ಇನ್ನೂ ಉದ್ದ. 2001ರ ಸೆಪ್ಟೆಂಬರ್ 11ರಂದು ಅಲ್ಲಿನ ಅವಳಿ ಗೋಪುರಗಳ ಮೇಲೆ ನಡೆದ ದಾಳಿಯಲ್ಲಿ ಅಗ್ನಿಶಾಮಕ ದಳದ 343 ಮಂದಿ ಸತ್ತರು. ಕಟ್ಟಡ ಕುಸಿದಾಗ ಎದ್ದ ದೂಳನ್ನು ತಿಂಗಳುಗಟ್ಟಲೆ ಉಸಿರಾಡುತ್ತಾ ಕೆಲಸ ಮಾಡಿದವರಿಗೆ ಆಮೇಲೆ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ಬಂತು. ಹಾಗೆ ಕಾಯಿಲೆಯಿಂದ ಸತ್ತ ಅಗ್ನಿಶಾಮಕ ಸಿಬ್ಬಂದಿಯ ಸಂಖ್ಯೆ ಈಗ ಆ 343ನ್ನೂ ದಾಟಿದೆ. ಅವರ ಚಿಕಿತ್ಸೆಗೆ ಕಾನೂನಿನ ಬೆಂಬಲ ಸಿಗಲು 2010ರ ಕೊನೆಯವರೆಗೆ ಕಾಯಬೇಕಾಯಿತು. ಅದೂ ಕಾಯಿಲೆಬಿದ್ದವರೇ ಸಂಸತ್ತಿನ ಬಾಗಿಲು ತಟ್ಟಿ ತಟ್ಟಿ ಪಡೆದದ್ದು.

ಈಗ ನಮ್ಮ ಊರಿಗೆ ಬರೋಣ. 2022ರ ನವೆಂಬರ್ 19, ಶನಿವಾರ ಸಂಜೆ. ನಾಗುರಿ ಬಳಿಯ ಗರೋಡಿ ಹತ್ತಿರ ಓಡುತ್ತಿದ್ದ ರಿಕ್ಷಾದಲ್ಲಿ ಪ್ರಯಾಣಿಕನ ಬಳಿಯಿದ್ದ ಕುಕ್ಕರ್ ಬಾಂಬ್ ಸಿಡಿಯಿತು. ಗುರಿ ಬೇರೆ ಕಡೆ ಇತ್ತು, ದಾರಿಯಲ್ಲೇ ಸಿಡಿಯಿತು ಎಂದು ತನಿಖೆಯವರು ಹೇಳಿದರು. ಯಾರೂ ಸಾಯಲಿಲ್ಲ. ಪ್ರಯಾಣಿಕನಿಗೂ ಚಾಲಕರಿಗೂ ಸುಟ್ಟ ಗಾಯಗಳಾದವು. ಪ್ರಕರಣ ಎನ್‌ಐಎಗೆ ಹೋಯಿತು. ಯಾರೂ ಸಾಯಲಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮ ಊರು ಅದನ್ನು ಬೇಗ ಬದಿಗಿಟ್ಟಿತು. ಬಾಡಿಗೆಗೆ ಬಂದ ಒಬ್ಬ ಪ್ರಯಾಣಿಕನನ್ನು ಹತ್ತಿಸಿಕೊಂಡದ್ದು ಬಿಟ್ಟರೆ ಆ ಚಾಲಕರು ಬೇರೇನೂ ಮಾಡಿರಲಿಲ್ಲ. ಅವರಿಗೆ ಮೈ ಸುಟ್ಟಿತು, ದುಡಿಮೆಯ ಗಾಡಿ ಹೋಯಿತು. ಆಮೇಲೆ ಸ್ಥಳೀಯ ಸೇವಾ ಸಂಸ್ಥೆಯೊಂದು ಅವರ ಮನೆಯನ್ನು ಸರಿಪಡಿಸಿಕೊಟ್ಟಿತು. ನನ್ನ ದೃಷ್ಟಿಯಲ್ಲಿ ಮಂಗಳೂರಿನ ಚೇತರಿಕೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ ಬರೆಯಬೇಕಾದ್ದು ಅದನ್ನೇ. ಭಾಷಣಗಳನ್ನಲ್ಲ.

ದುಡ್ಡಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಬಹಳ ಜನಕ್ಕೆ ಗೊತ್ತಿಲ್ಲ. ಭಯೋತ್ಪಾದನೆಯಲ್ಲಿ ಸತ್ತ ನಾಗರಿಕರ ಕುಟುಂಬಕ್ಕೆ ಕೇಂದ್ರದ ಒಂದು ಯೋಜನೆಯಿದೆ. 2008ರಲ್ಲಿ ಶುರುವಾದಾಗ 3 ಲಕ್ಷ ಇತ್ತು, 2016ರಲ್ಲಿ 5 ಲಕ್ಷ ಆಯಿತು. ಶಾಶ್ವತ ಅಂಗವೈಕಲ್ಯ ಶೇ. 50 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೂ ಅದು ಸಿಗುತ್ತದೆ. ಹಾಗಾದರೆ ಆರು ತಿಂಗಳು ಕೆಲಸ ಮಾಡಲಾಗದೆ ಮನೆಯಲ್ಲಿ ಕೂತು, ಆಮೇಲೆ ಗಾಯ ಒಣಗಿದವರ ಗತಿ ಏನು? ಅವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಅಪರಾಧಕ್ಕೆ ಬಲಿಯಾದವರಿಗೆ ಪರಿಹಾರ ಕೊಡುವ ವ್ಯವಸ್ಥೆ ಅಲ್ಲಿದೆ, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಆರೋಪಿ ಸಿಗದಿದ್ದರೂ ಅರ್ಜಿ ಹಾಕಬಹುದು. ಇನ್ನೊಂದು, ನಿಮ್ಮ ಅಪ್ಪನಿಗೆ ನೇರ ಸಂಬಂಧಪಟ್ಟದ್ದು. ರಿಕ್ಷಾಕ್ಕೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಸ್ವಂತ ಗಾಡಿ ಸುಟ್ಟುಹೋದರೆ ಏನೂ ಬರುವುದಿಲ್ಲ. ಕಾಂಪ್ರಿಹೆನ್ಸಿವ್ ಪಾಲಿಸಿಯಲ್ಲಿ ಬೆಂಕಿ, ಕಳ್ಳತನ, ಪ್ರವಾಹದ ಜೊತೆಗೆ ಭಯೋತ್ಪಾದಕ ಕೃತ್ಯದ ನಷ್ಟವೂ ಸೇರಿರುತ್ತದೆ. ಕಂತು ಉಳಿಸಲು ಥರ್ಡ್ ಪಾರ್ಟಿ ಮಾತ್ರ ಮಾಡಿಸುವವರು ನಮ್ಮ ರಿಕ್ಷಾ ಪಾರ್ಕ್‌ಗಳಲ್ಲಿ ಇದ್ದಾರೆ. ಇವತ್ತೇ ಪಾಲಿಸಿ ತೆಗೆದು ನೋಡಿ.

ಬೇರೆ ಊರುಗಳಲ್ಲಿ ಇದನ್ನು ಬೇಗ ಮಾಡಿದ ಉದಾಹರಣೆಗಳೂ ಇವೆ. ಬಾಸ್ಟನ್ ಮ್ಯಾರಥಾನ್ ಮೇಲೆ 2013ರ ಏಪ್ರಿಲ್ 15ರಂದು ದಾಳಿ ಆಯಿತು. ಮರುದಿನವೇ ಒಂದು ನಿಧಿ ತೆರೆದರು. ಎರಡೂವರೆ ತಿಂಗಳೊಳಗೆ ಸುಮಾರು 6 ಕೋಟಿ ಡಾಲರ್ ಸಂಗ್ರಹಿಸಿ ಸತ್ತವರ ಮನೆಗೂ ಗಾಯಾಳುಗಳಿಗೂ ನೇರವಾಗಿ ಕೊಟ್ಟರು. ಮುಂಬೈಯಲ್ಲಿ ತಾಜ್‌ನವರು 2008ರ ಡಿಸೆಂಬರಿನಲ್ಲೇ ಟ್ರಸ್ಟ್ ಮಾಡಿ, ತಮ್ಮ ಸಿಬ್ಬಂದಿಯ ಜೊತೆಗೆ ಹೊರಗಿನ ಗಾಯಾಳುಗಳಿಗೂ ನೆರವಾದರು. ಫ್ರಾನ್ಸಿನಲ್ಲಂತೂ ಜನ ಮಾಡಿಸುವ ಆಸ್ತಿ ವಿಮೆಯ ಮೇಲೆ ಸಣ್ಣ ಮೊತ್ತ ಹಾಕಿ, ಅದರಿಂದ ಭಯೋತ್ಪಾದನೆಗೆ ಬಲಿಯಾದವರಿಗೆ ಖಾಯಂ ನಿಧಿಯನ್ನೇ ನಡೆಸುತ್ತಾರೆ. ಹೀಗೆ ಎಲ್ಲರೂ ಸ್ವಲ್ಪ ಸ್ವಲ್ಪ ಹೊತ್ತುಕೊಳ್ಳುವ ವ್ಯವಸ್ಥೆ ನಮ್ಮಲ್ಲೂ ಬರಬೇಕು ಎಂಬುದು ನನ್ನ ಆಸೆ.

ನಿಮ್ಮ ಅಪ್ಪನ ವಿಷಯ. ದೊಡ್ಡ ಬ್ಯಾಗ್ ಕಂಡಾಗ ಒಂದು ಕ್ಷಣ ಯೋಚಿಸುವುದು ಕಾಯಿಲೆಯಲ್ಲ. ತನ್ನಂಥದೇ ಗಾಡಿ, ತಾನು ದಿನಾ ಓಡಾಡುವ ರಸ್ತೆ, ತನ್ನಂಥದೇ ಚಾಲಕ. ಅವರಿಗೆ ಅನ್ನಿಸದೆ ಮತ್ತೆ ಯಾರಿಗೆ ಅನ್ನಿಸಬೇಕು? ಅವರನ್ನು "ಸುಮ್ನೆ ಹೆದರ್ತೀರಿ" ಎಂದು ಅಣಕಿಸಬೇಡಿ. ಆದರೆ ಕೆಲವು ಸಂಗತಿಗಳನ್ನು ಗಮನಿಸಿ. ರಾತ್ರಿ ನಿದ್ದೆ ಸರಿಯಾಗಿ ಬರುತ್ತದೆಯೇ? ಕುಕ್ಕರ್ ಸೀಟಿ ಹೊಡೆದರೆ, ಟಯರ್ ಒಡೆದರೆ ಬೆಚ್ಚಿ ಬೀಳುತ್ತಾರೆಯೇ? ಆ ರಸ್ತೆ ತಪ್ಪಿಸಲು ಸುತ್ತು ಹಾಕುತ್ತಾರೆಯೇ? ಅದೇ ದೃಶ್ಯ ಕಣ್ಣ ಮುಂದೆ ಬರುತ್ತದೆ ಅನ್ನುತ್ತಾರೆಯೇ? ಮೊದಲಿಗಿಂತ ಸಿಟ್ಟು ಜಾಸ್ತಿಯಾಗಿದೆಯೇ, ಕುಡಿತ ಹೆಚ್ಚಿದೆಯೇ? ಇಂಥ ತೊಂದರೆಗಳು ಒಂದು ತಿಂಗಳು ಮೀರಿ ಉಳಿದು, ದುಡಿಮೆಗೂ ಮನೆಗೂ ಅಡ್ಡ ಬರುತ್ತಿದ್ದರೆ ವೈದ್ಯರನ್ನು ಕಾಣಬೇಕು. ಇಷ್ಟು ವರ್ಷ ಆಗಿದೆಯಲ್ಲ, ಇನ್ನೇನು ಎಂದು ಬಿಡಬೇಡಿ. ತಡವಾಗಿ ಶುರು ಮಾಡಿದರೂ ಈ ಚಿಕಿತ್ಸೆ ಕೆಲಸ ಮಾಡುತ್ತದೆ. ಹೆಚ್ಚಾಗಿ ಮಾತಿನ ಚಿಕಿತ್ಸೆ. ತಪ್ಪಿಸುತ್ತಿದ್ದ ರಸ್ತೆಗೆ, ಸದ್ದಿಗೆ ಹಂತಹಂತವಾಗಿ ಮತ್ತೆ ಒಗ್ಗಿಸುತ್ತಾರೆ. ಬೇಕಾದರೆ ಜೊತೆಗೆ ಮಾತ್ರೆ. ವೆನ್‌ಲಾಕ್ ಆಸ್ಪತ್ರೆಗೆ ಹೋಗಬಹುದು. ಹೋಗಲು ಮುಜುಗರವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ.

ಭಯ ಎಷ್ಟು ಜನಕ್ಕೆ ಉಳಿಯುತ್ತದೆ ಎಂದು ಕೇಳಿದರೆ, ಅಮೆರಿಕದ ಒಕ್ಲಹೋಮ ಸಿಟಿಯ ಅಧ್ಯಯನ ನೆನಪಾಗುತ್ತದೆ. 1995ರ ಏಪ್ರಿಲ್ 19ರಂದು ಅಲ್ಲಿನ ಸರ್ಕಾರಿ ಕಟ್ಟಡವನ್ನು ಸ್ಫೋಟಿಸಿದಾಗ 168 ಮಂದಿ ಸತ್ತರು, ಅದರಲ್ಲಿ 19 ಮಕ್ಕಳು. ಸ್ಫೋಟದ ಹತ್ತಿರವೇ ಇದ್ದು ಬದುಕಿದ 182 ಮಂದಿಯನ್ನು ಸುಮಾರು ಆರು ತಿಂಗಳ ನಂತರ ಸಂಶೋಧಕರು ಮಾತನಾಡಿಸಿದರು. ಮೂರರಲ್ಲಿ ಒಬ್ಬರಿಗೆ ಆಘಾತದ ನಂತರದ ಒತ್ತಡದ ಕಾಯಿಲೆ ಇತ್ತು. ಇದನ್ನು ಎರಡೂ ಕಡೆಯಿಂದ ಓದಬೇಕು. ಮೂರರಲ್ಲಿ ಇಬ್ಬರಿಗೆ ಆ ಕಾಯಿಲೆ ಇರಲಿಲ್ಲ. ಮನುಷ್ಯರು ಒಡೆದುಹೋಗಿಯೇ ತೀರುತ್ತಾರೆ ಎಂದೇನಿಲ್ಲ. ಆದರೆ ಆ ಒಬ್ಬರನ್ನು ಹುಡುಕಿಕೊಂಡು ಹೋಗಬೇಕಾದವರು ಉಳಿದವರು, ಅವರಾಗಿ ಬರುವುದು ಕಡಿಮೆ. ಬಾಸ್ಟನ್ ದಾಳಿಯ ನಂತರದ ಒಂದು ಅಧ್ಯಯನವನ್ನೂ ಎಲ್ಲ ಮನೆಯವರು ತಿಳಿದಿರಬೇಕು. ದಾಳಿಯ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆಗಿಂತ ಜಾಸ್ತಿ ಅದರ ಸುದ್ದಿ, ವಿಡಿಯೋ ನೋಡಿದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚು ಒತ್ತಡ ಕಂಡಿತ್ತು. ನಾಗುರಿಯ ಸಿಸಿಟಿವಿ ದೃಶ್ಯ ನಮ್ಮೆಲ್ಲರ ಮೊಬೈಲಿಗೆ ಎಷ್ಟು ಸಲ ಬಂತು ನೆನಪಿದೆಯಲ್ಲ. ಅಂಥದ್ದು ಬಂದಾಗ ಮುಂದಕ್ಕೆ ಕಳಿಸದಿರುವುದೂ ಒಂದು ಆರೈಕೆ.

ಚೇತರಿಕೆಯ ಇನ್ನೊಂದು ಭಾಗದ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಮಾತನಾಡಲೇಬೇಕು. ಬಾಂಬ್ ಇಡುವವರಿಗೆ ಸತ್ತವರ ಸಂಖ್ಯೆಯಷ್ಟೇ ಮುಖ್ಯವಲ್ಲ. ಬದುಕಿದವರು ಆಮೇಲೆ ಪಕ್ಕದ ಮನೆಯವರನ್ನು ಹೇಗೆ ನೋಡುತ್ತಾರೆ ಎಂಬುದೂ ಅವರಿಗೆ ಮುಖ್ಯ. ಮನೆ ಬಾಡಿಗೆಗೆ ಕೊಡುವುದಿಲ್ಲ ಅನ್ನುವುದು, ಅಂಗಡಿಗೆ ಹೋಗಬೇಡಿ ಅನ್ನುವುದು, ಹೆಸರು ಕೇಳಿ ರಿಕ್ಷಾ ಹತ್ತಿಸುವುದು, ಹೆಸರು ಕೇಳಿ ರಿಕ್ಷಾ ಹತ್ತುವುದು. ಇವು ಶುರುವಾದರೆ ಸ್ಫೋಟ ಇನ್ನೂ ನಡೆಯುತ್ತಲೇ ಇದೆ ಎಂದೇ ಅರ್ಥ. ಹೆಸರು ನೋಡಿ ಸುರಕ್ಷತೆ ಸಿಗುವುದೂ ಇಲ್ಲ. 2022ರ ಆ ಪ್ರಯಾಣಿಕನ ಬಳಿ ಇದ್ದದ್ದು ಹುಬ್ಬಳ್ಳಿ ಮೂಲದ ಬೇರೊಬ್ಬರ ಆಧಾರ್ ಕಾರ್ಡ್. ಕಾರ್ಡ್ ಕಳೆದುಕೊಂಡಿದ್ದ ಆ ಅಮಾಯಕರು ಬೇರೆ ಊರಿನಲ್ಲಿ ತಮ್ಮ ಪಾಡಿಗೆ ನೌಕರಿ ಮಾಡುತ್ತಿದ್ದರು. ಅದಕ್ಕೂ ಮೊದಲು, 2020ರ ಜನವರಿ 20ರಂದು, ಬಜಪೆ ವಿಮಾನ ನಿಲ್ದಾಣದಲ್ಲಿ ಬ್ಯಾಗಿನಲ್ಲಿ ಬಾಂಬ್ ಸಿಕ್ಕಿತ್ತು. ಕೆಂಜಾರಿನ ಮೈದಾನಕ್ಕೆ ಒಯ್ದು ಮರಳು ಚೀಲಗಳ ನಡುವೆ ಸ್ಫೋಟಿಸಿದರು. ಇಟ್ಟವನು ಎರಡು ದಿನದಲ್ಲಿ ಬೆಂಗಳೂರಿನಲ್ಲಿ ಶರಣಾದ. ಮಣಿಪಾಲದ ಕಡೆಯವನು, ಓದಿದವನು. 2022ರಲ್ಲಿ ಕೋರ್ಟ್ ಅವನಿಗೆ 20 ವರ್ಷ ಶಿಕ್ಷೆ ಕೊಟ್ಟಿತು. ಆ ಎರಡು ದಿನ ಯಾರು ಯಾರ ಮೇಲೆ ಅನುಮಾನಪಟ್ಟರು ಎಂದು ನಮ್ಮ ಜಿಲ್ಲೆಯವರೆಲ್ಲ ಒಮ್ಮೆ ನೆನಪಿಸಿಕೊಳ್ಳಬೇಕು.

2008ರಲ್ಲಿ ಮುಂಬೈಯ ಮುಸ್ಲಿಂ ಜಾಮಾ ಮಸೀದಿ ಟ್ರಸ್ಟ್, ಸತ್ತ ಒಂಬತ್ತು ದಾಳಿಕೋರರಿಗೆ ತನ್ನ ಕಬರಸ್ತಾನದಲ್ಲಿ ಜಾಗ ಕೊಡಲಿಲ್ಲ. ಇಂಥ ಕೃತ್ಯ ಮಾಡಿದವರು ನಮ್ಮವರಲ್ಲ ಎಂದು ಖಡಾಖಂಡಿತವಾಗಿ ಹೇಳಿತು. ನಾರ್ವೆಯಲ್ಲಿ 2011ರ ಜುಲೈ 22ರಂದು ಅವರದೇ ದೇಶದ ಒಬ್ಬ, 77 ಮಂದಿಯನ್ನು ಕೊಂದ. ಮೂರು ದಿನ ಕಳೆದು ಓಸ್ಲೋದ ಬೀದಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಗುಲಾಬಿ ಹಿಡಿದು ನಿಂತರು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2019ರ ಮಾರ್ಚ್ 15ರಂದು ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನ ಹೆಸರನ್ನು ತಾನು ಎಂದೂ ಎತ್ತುವುದಿಲ್ಲ ಎಂದು ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲೇ ಹೇಳಿದರು. ಒಂದು ತಿಂಗಳೊಳಗೆ ಬಂದೂಕಿನ ಕಾನೂನು ಬಿಗಿಯಾಯಿತು. ನಮ್ಮಲ್ಲಿ ಶಾಂತಿ ಸಭೆ ಅಂದರೆ ಮುಖಂಡರನ್ನು ಕೂರಿಸಿ ಫೋಟೋ ತೆಗೆಯುವುದು ಆಗಿಬಿಟ್ಟಿದೆ. ನನ್ನನ್ನು ಕೇಳಿದರೆ ಆ ಸಭೆಗೆ ಬಂದರು ದಕ್ಕೆಯ ಮೀನಿನವರನ್ನು, ರಿಕ್ಷಾ ಪಾರ್ಕಿನವರನ್ನು, ಸಿಟಿ ಬಸ್ಸಿನ ಕಂಡಕ್ಟರುಗಳನ್ನು ಕರೆಯಬೇಕು. ದಿನಾ ಬೆಳಿಗ್ಗೆ ಎಲ್ಲ ಜಾತಿ, ಎಲ್ಲ ಮತದವರ ಜೊತೆ ವ್ಯವಹಾರ ಮಾಡಿ ಗೊತ್ತಿರುವುದು ಅವರಿಗೆ.

ನೆನಪಿನ ವಿಷಯಕ್ಕೆ ಬರುತ್ತೇನೆ. ಸ್ಮಾರಕ ಅನ್ನುವುದು ಹೊರದೇಶದಿಂದ ಬಂದದ್ದೇನಲ್ಲ. ಊರಿನ ದನಗಳನ್ನು, ಹೆಂಗಸರನ್ನು ಕಾಯಲು ಹೋಗಿ ಸತ್ತವರಿಗೆ ವೀರಗಲ್ಲು ನೆಟ್ಟ ನಾಡು ನಮ್ಮದು. ಕಲ್ಲು ನೆಡುವುದರ ಜೊತೆಗೆ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ರೂಢಿಯೂ ಇತ್ತು, ಅದನ್ನು ನೆತ್ತರುಗೊಡಗೆ ಅನ್ನುತ್ತಿದ್ದರು. ನಮ್ಮ ಹಿರಿಯರಿಗೆ ಕಲ್ಲು ಮತ್ತು ಮನೆಯವರ ಅನ್ನ ಎರಡೂ ಒಟ್ಟಿಗೇ ಹೊಳೆದಿದ್ದವು. ನನಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇರೆ ಎಲ್ಲೂ ಕಂಡಿಲ್ಲ. ನಮ್ಮ ಕರಾವಳಿಯ ರಸ್ತೆಗಳಲ್ಲಿ ಇವತ್ತಿಗೂ ತೀರಿಕೊಂಡವರ ಸ್ಮರಣಾರ್ಥ ಬಸ್ ತಂಗುದಾಣ ಕಟ್ಟಿಸುತ್ತಾರೆ, ಗಮನಿಸಿದ್ದೀರಾ? ಮಳೆಗಾಲದಲ್ಲಿ ಅದರಡಿ ನಿಂತವರು ಆ ಹೆಸರನ್ನು ಓದುತ್ತಾರೆ. ನೆನಪೂ ಆಯಿತು, ನೆರಳೂ ಆಯಿತು.

ಮಂಗಳೂರಿಗೆ ಸಾಮೂಹಿಕ ಸಾವಿನ ಸ್ಮಾರಕದ ಅನುಭವವೂ ಇದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜಪೆಯಲ್ಲಿ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ಎಂಟು ಮಂದಿ ಬದುಕಿದರು. ಅದು ಅಪಘಾತ, ದಾಳಿಯಲ್ಲ. ಆದರೂ ಊರು ಕಲಿತ ಪಾಠ ಇದಕ್ಕೂ ಅನ್ವಯಿಸುತ್ತದೆ. ಗುರುತು ಸಿಗದ 12 ದೇಹಗಳನ್ನು ತಣ್ಣೀರುಬಾವಿಯಲ್ಲಿ ಮಣ್ಣು ಮಾಡಿದರು. ಅಲ್ಲೊಂದು ಸ್ಮಾರಕ ಉದ್ಯಾನ ಇದೆ. ಪ್ರತಿ ವರ್ಷ ಮೇ 22ಕ್ಕೆ ಜಿಲ್ಲಾಡಳಿತದವರೂ ಕುಟುಂಬದವರೂ ಬಂದು ಹೂವಿಡುತ್ತಾರೆ. ಅದೇ ಹೊತ್ತಿಗೆ ಕುಟುಂಬಗಳು ಪರಿಹಾರಕ್ಕಾಗಿ ಕೋರ್ಟ್ ಅಲೆಯುತ್ತಿದ್ದವು. ಒಂದು ಕುಟುಂಬಕ್ಕೆ 7.64 ಕೋಟಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ, ಹತ್ತು ವರ್ಷ ಕಳೆದ ಮೇಲೆ. ಹೂವಿಡಲು ಕರೆದವರು ಕೋರ್ಟಿನ ವಿಷಯದಲ್ಲೂ ಜೊತೆ ನಿಲ್ಲಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಬೇರೆ ಊರುಗಳ ಸ್ಮಾರಕಗಳಲ್ಲಿ ನನಗೆ ಇಷ್ಟವಾಗುವುದು ಸತ್ತವರನ್ನು ಒಬ್ಬೊಬ್ಬರಾಗಿ ಕಾಣುವ ಸ್ಮಾರಕಗಳು. ಒಕ್ಲಹೋಮದಲ್ಲಿ 168 ಖಾಲಿ ಕುರ್ಚಿಗಳಿವೆ, ಮಕ್ಕಳ ಕುರ್ಚಿಗಳು ಚಿಕ್ಕವು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ 2005ರ ಜುಲೈ 7ರ ಬಾಂಬ್ ದಾಳಿಯಲ್ಲಿ ಸತ್ತ 52 ಮಂದಿಗೆ 52 ಉಕ್ಕಿನ ಕಂಬಗಳು. ನ್ಯೂಯಾರ್ಕಿನಲ್ಲಿ ಹೆಸರುಗಳನ್ನು ಅಕ್ಷರಕ್ರಮದಲ್ಲಿ ಬರೆಯಲಿಲ್ಲ. ಯಾರ ಪಕ್ಕ ಯಾರ ಹೆಸರು ಇರಬೇಕೆಂದು ಮನೆಯವರನ್ನು ಕೇಳಿ, ಒಟ್ಟಿಗೆ ಕೆಲಸ ಮಾಡಿದವರನ್ನು, ಸ್ನೇಹಿತರನ್ನು ಅಕ್ಕಪಕ್ಕ ಕೆತ್ತಿದರು. ನಾರ್ವೆಯಲ್ಲಿ ಆ 77 ಮಂದಿಯಲ್ಲಿ ಹೆಚ್ಚಿನವರು ಸತ್ತ ಉಟೋಯಾ ದ್ವೀಪದಲ್ಲಿ ಮಕ್ಕಳು ಅಡಗಿದ್ದ ಕೆಫೆಯ ಒಂದು ಭಾಗವನ್ನು ಉಳಿಸಿ ಅದರ ಸುತ್ತ ಮನೆ ಕಟ್ಟಿದ್ದಾರೆ. ಒಳಗಡೆ 69 ಕಂಬ, ಅಲ್ಲಿ ಸತ್ತವರಿಗೆ. ಹೊರಗಡೆ 495 ಮರದ ಪಟ್ಟಿ, ಬದುಕಿ ಉಳಿದವರಿಗೆ. ಬದುಕಿದವರನ್ನೂ ಲೆಕ್ಕಕ್ಕೆ ತೆಗೆದುಕೊಂಡ ಸ್ಮಾರಕ ಅದು. ಹಾಗಂತ ನಾರ್ವೆಯಲ್ಲೂ ಎಲ್ಲ ಸರಿಯಾಗಲಿಲ್ಲ. ದ್ವೀಪದ ಎದುರಿನ ಗುಡ್ಡವನ್ನು ಕತ್ತರಿಸಿ ಒಂದು ದೊಡ್ಡ ಸ್ಮಾರಕ ಮಾಡುವ ಯೋಜನೆ ಇತ್ತು. ಅಂದು ದೋಣಿ ತಂದು ಮಕ್ಕಳನ್ನು ನೀರಿನಿಂದ ಎತ್ತಿದ ಅಕ್ಕಪಕ್ಕದ ನಿವಾಸಿಗಳು, ದಿನಾ ಬೆಳಿಗ್ಗೆ ಅದನ್ನೇ ನೋಡುತ್ತಾ ಬದುಕಲು ನಮ್ಮಿಂದ ಆಗದು ಎಂದರು. 2017ರಲ್ಲಿ ಯೋಜನೆ ಕೈಬಿಟ್ಟರು. ಸರಿಯಾದ ನಿರ್ಧಾರ ಅದು. ಲಂಡನ್ನಿನವರು ನಾಲ್ಕು ವರ್ಷ, ನ್ಯೂಯಾರ್ಕಿನವರು ಹತ್ತು ವರ್ಷ ತೆಗೆದುಕೊಂಡರು. ಸ್ಮಾರಕಕ್ಕೆ ಅವಸರ ಬೇಡ.

ಕೆಲವು ಕುಟುಂಬಗಳಿಗೆ ಕಲ್ಲಿಗಿಂತ ಉತ್ತರ ಮುಖ್ಯವಾಗುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 2017ರಲ್ಲಿ, ಅದೂ ಮೇ 22ರಂದೇ, ಸಂಗೀತ ಕಾರ್ಯಕ್ರಮ ಮುಗಿಸಿ ಹೊರಬರುತ್ತಿದ್ದವರ ಮೇಲೆ ದಾಳಿಯಾಗಿ 22 ಮಂದಿ ಸತ್ತರು. ಸಾರ್ವಜನಿಕ ವಿಚಾರಣೆ ನಡೆದಾಗ, ಅಗ್ನಿಶಾಮಕ ದಳ ಸ್ಥಳಕ್ಕೆ ಬರಲು ಎರಡು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡಿತ್ತು ಎಂಬುದು ಎಲ್ಲರೆದುರು ದಾಖಲಾಯಿತು. ಮಗನನ್ನು ಕಳೆದುಕೊಂಡ ಒಬ್ಬ ತಾಯಿ, ಫಿಗೆನ್ ಮರ್ರಿ, ವರ್ಷಗಟ್ಟಲೆ ಹೋರಾಡಿದರು. ಜನ ಸೇರುವ ಜಾಗಗಳಲ್ಲಿ ದಾಳಿಯನ್ನು ಎದುರಿಸುವ ಸಿದ್ಧತೆ ಇರಲೇಬೇಕು ಎಂಬ ಕಾನೂನು 2025ರಲ್ಲಿ ಬಂತು. ಮಗನ ಹೆಸರಿನಿಂದಲೇ ಜನ ಅದನ್ನು ಮಾರ್ಟಿನ್ ಕಾನೂನು ಎಂದು ಕರೆಯುತ್ತಾರೆ. ಅಲ್ಲಿ ಜನ ಚೌಕದಲ್ಲಿ ಇಟ್ಟ ಹೂವು, ಚೀಟಿ, ಗೊಂಬೆಗಳನ್ನೂ ಎಸೆಯದೆ ಎತ್ತಿ ಪಟ್ಟಿ ಮಾಡಿ ಇಟ್ಟರು. ನೀವು ವಿದ್ಯಾರ್ಥಿಗಳು, ಆ ಥರದ ಕೆಲಸ ನಿಮ್ಮಿಂದ ಆಗುತ್ತದೆ. ನಾಗುರಿಯಲ್ಲಿ ಆ ಸಂಜೆ ಓಡಿ ಬಂದು ನೀರು ಹಾಕಿದವರು, ಅಂಗಡಿಯವರು, ಆಸ್ಪತ್ರೆಯ ನರ್ಸುಗಳು, ನಿಮ್ಮ ಅಪ್ಪನಂಥ ಚಾಲಕರು. ಅವರ ಒಪ್ಪಿಗೆ ಪಡೆದು, ಅವರು ಹೇಳಿದ್ದನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಹೇಳಿದ ಹಾಗೆಯೇ ಬರೆದಿಡಿ. ಕಾಲೇಜಿನ ಲೈಬ್ರರಿಯಲ್ಲಿ ಒಂದು ಪ್ರತಿ ಇರಲಿ.

ನಾಗುರಿಯಲ್ಲಿ ಸ್ಮಾರಕ ಬೇಕೇ ಎಂಬ ನಿಮ್ಮ ತರಗತಿಯ ಪ್ರಶ್ನೆಗೆ ನನ್ನ ಉತ್ತರ: ಕಲ್ಲಿನ ಸ್ಮಾರಕ ಬೇಡ. ಅಲ್ಲಿ ಯಾರೂ ಸತ್ತಿಲ್ಲ, ಗಾಯಗೊಂಡ ಚಾಲಕರು ನಮ್ಮ ನಡುವೆಯೇ ಇದ್ದಾರೆ. ಬದುಕಿರುವವರ ನೋವಿಗೆ ಕಲ್ಲು ನೆಟ್ಟು ದಿನಾ ಅದರ ಮುಂದೆ ಅವರನ್ನು ಓಡಾಡಿಸುವುದು ಸರಿಯಲ್ಲ. ಅದರ ಬದಲು ನವೆಂಬರ್ 19ನ್ನು ರಿಕ್ಷಾ ಪಾರ್ಕುಗಳ ಪ್ರಥಮ ಚಿಕಿತ್ಸೆಯ ದಿನ ಮಾಡಿ. ರಕ್ತ ಸುರಿಯುವಾಗ ಎಲ್ಲಿ ಒತ್ತಿ ಹಿಡಿಯಬೇಕು, ಸುಟ್ಟ ಮೈಗೆ ಎಷ್ಟು ಹೊತ್ತು ನೀರು ಹಾಕಬೇಕು, ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಮುಟ್ಟದೆ ದೂರ ಸರಿದು 112ಕ್ಕೆ ಹೇಗೆ ಹೇಳಬೇಕು. ಇಷ್ಟನ್ನು ಅರ್ಧ ದಿನದಲ್ಲಿ ಕಲಿಸಬಹುದು. ನಮ್ಮ ಊರಿನಲ್ಲಿ ಯಾವ ಅಪಘಾತವಾದರೂ ಮೊದಲು ಮುಟ್ಟುವುದು ರಿಕ್ಷಾದವರೇ, ಹಾಗಾಗಿ ಇದು ವರ್ಷವಿಡೀ ಉಪಯೋಗಕ್ಕೆ ಬರುತ್ತದೆ. ಒಂದು ಪಾರ್ಕಿಗೆ ಒಂದು ಸ್ಟ್ರೆಚರ್, ಒಂದು ಔಷಧಿ ಪೆಟ್ಟಿಗೆ ಕೊಡಿಸಿ. ದಾನಿಗಳು ಸಿಗುತ್ತಾರೆ, ಬಸ್ ತಂಗುದಾಣ ಕಟ್ಟಿಸುವ ಊರಿದು. ಯಾರ ಹೆಸರೂ ಬೇಡ, ಬಾಂಬ್ ತಂದವನ ಹೆಸರಂತೂ ಎಲ್ಲೂ ಬರಬಾರದು. ಶುರು ಮಾಡುವ ಮೊದಲು ಆ ಚಾಲಕರ ಮನೆಗೆ ಹೋಗಿ ಕೇಳಿ. ಅವರು ಬೇಡ ಎಂದರೆ ಆ ತಾರೀಕು ಬಿಟ್ಟು ಬೇರೆ ದಿನ ಮಾಡಿ. ಒಪ್ಪಿದರೆ ರೆಡ್‌ಕ್ರಾಸ್‌ನ ಜಿಲ್ಲಾ ಘಟಕದವರನ್ನು ತರಬೇತಿಗೆ ಕೇಳಿಕೊಳ್ಳಿ, ಮೊದಲ ತಂಡದಲ್ಲಿ ನಿಮ್ಮ ಅಪ್ಪನ ಹೆಸರನ್ನೂ ಬರೆಸಿ.